ಸತ್ಯಾಂಶ: ನುಂಗಿದ ಜೇನುತುಪ್ಪ ಧ್ವನಿತಂತುಗಳನ್ನು ತಲುಪುತ್ತದೆಯೇ?

ಹಾಡುವ ಮುನ್ನ ಒಂದು ಚಮಚ ಜೇನುತುಪ್ಪ ನುಂಗಿದರೆ ಅದು ಧ್ವನಿತಂತುಗಳಿಗೆ ಲೇಪವಾಗಿ ಸ್ವರ ತಿಳಿಯಾಗುತ್ತದೆ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಆಗಾಗ ಹರಿದಾಡುತ್ತದೆ. ಇದು ನಿಜವಲ್ಲ. ಧ್ವನಿತಂತುಗಳಿರುವುದು ಉಸಿರಿನ ದಾರಿಯಲ್ಲಿ. ನುಂಗುವಾಗ ಆ ದಾರಿ ಮುಚ್ಚಿಕೊಂಡು, ತಿಂದದ್ದೂ ಕುಡಿದದ್ದೂ ಅನ್ನನಾಳಕ್ಕೆ ಇಳಿಯುತ್ತದೆ. ಒಂದು ಹನಿ ಅತ್ತ ಜಾರಿದರೂ ನೆತ್ತಿಗೇರಿ ಕೆಮ್ಮು ಬರುವುದು ಅದಕ್ಕಾಗಿಯೇ. ಜೇನುತುಪ್ಪ ಗಂಟಲಿನ ಕೆರೆತವನ್ನು ತಗ್ಗಿಸಬಹುದು, ಅದೇನೂ ಸಣ್ಣ ಉಪಕಾರವಲ್ಲ. ಆದರೆ ಮಧುಮೇಹವಿರುವವರಿಗೆ ಅದೂ ಸಕ್ಕರೆಯೇ.

ಕುಡಿದ ನೀರು ಧ್ವನಿತಂತುಗಳಿಗೆ ತೇವ ನೀಡುವುದು ರಕ್ತಕ್ಕೆ ಸೇರಿದ ಬಳಿಕ, ದೇಹದೊಳಗಿನಿಂದ. ಆದ್ದರಿಂದ ರಾತ್ರಿಯಿಡೀ ಯಕ್ಷಗಾನದ ಆಟವಿರುವ ದಿನ ಭಾಗವತರೂ, ಭಾರವಾದ ವೇಷ ಕಟ್ಟಿ ಬೆವರುವ ಕಲಾವಿದರೂ ಹಗಲಿನಿಂದಲೇ ಸ್ವಲ್ಪಸ್ವಲ್ಪವಾಗಿ ನೀರು ಕುಡಿಯುತ್ತಿರಬೇಕು. ಧ್ವನಿತಂತುಗಳನ್ನು ನೇರವಾಗಿ ಮುಟ್ಟುವುದು ಉಸಿರಿನೊಂದಿಗೆ ಒಳಹೋಗುವ ನೀರಿನ ಹಬೆ.