ಹದಿಮೂರಡಿ ಹೆಚ್ಚುಕಮ್ಮಿ

ಅಮೆರಿಕದ ಪೋರ್ಟ್‌ಲ್ಯಾಂಡಿನ ಒಂದು ಸೂಪರ್‌ಮಾರ್ಕೆಟ್ಟಿನ ಪಾರ್ಕಿಂಗ್ ಜಾಗದಲ್ಲಿ, ಹಾಡಹಗಲೇ, ನನ್ನ ಹೆಂಡತಿ ದೀಪದ ಕಂಬದ ಲಂಗ ಎತ್ತಿದಳು. ಅಲ್ಲಿಯವರೂ ಅದನ್ನು ಸ್ಕರ್ಟ್ ಎಂದೇ ಕರೆಯುತ್ತಾರೆ, ಹಾಗಾಗಿ ನನ್ನ ಮೇಲೆ ಸಿಟ್ಟಾಗಬೇಡಿ. ಕಂಬದ ಬುಡದ ಬೋಲ್ಟುಗಳನ್ನು ಮುಚ್ಚಲು ಲೋಹದ ಒಂದು ಚೌಕ ಹೊದಿಕೆ ಇರುತ್ತದೆ. ಬಿಗಿ ಇರುವುದಿಲ್ಲ, ಎತ್ತಿದರೆ ಕಿರ್ರ್ ಎನ್ನುತ್ತಾ ಮೇಲೆ ಬರುತ್ತದೆ. ಅದರಡಿಯಲ್ಲಿ ಹಳೇ ಕಾಲದ ಕ್ಯಾಮೆರಾ ರೀಲಿನ ಕಪ್ಪು ಡಬ್ಬಿ, ಡಬ್ಬಿಯೊಳಗೆ ಬೀಡಿಯಂತೆ ಸುತ್ತಿದ ಕಾಗದ, ಕಾಗದದ ತುಂಬ ಸಹಿ, ತಾರೀಖು. ಅಷ್ಟೇ.

"ಇಷ್ಟಕ್ಕಾ ನನ್ನ ಮಂಡಿ ಬಗ್ಗಿಸಿದ್ದು?" ಎಂದಳು. ಆದರೆ ಪೆನ್ನಿಗೆ ಮೊದಲು ಕೈ ಚಾಚಿದ್ದೂ ಅವಳೇ. ಕನ್ನಡದಲ್ಲಿ ಸಹಿ ಹಾಕಿ, ಒತ್ತಕ್ಷರಕ್ಕೆ ಜಾಗ ಸಾಲದೆ ಕೆಳಗಿನ ಸಾಲಿನವರ ತಲೆಯ ಮೇಲೆ ಕೂರಿಸಿದಳು.

ಸೊಸೆಯ ಬಾಣಂತನಕ್ಕೆಂದು ಹೋಗಿದ್ದೆವು. ಬಾಣಂತನದಲ್ಲಿ ಗಂಡಸಿಗೇನು ಕೆಲಸ? ಮನೆಯಲ್ಲಿ ಸದಾ ಕಾಲಿಗೆ ಸಿಗುತ್ತಿದ್ದ ನನ್ನನ್ನು ಹೊರಗೆ ಅಟ್ಟಲು ಮಗ ಈ ಆಟ ಹಚ್ಚಿದ. ಜಿಯೋಕ್ಯಾಚಿಂಗ್. ಯಾರೋ ಒಂದು ಡಬ್ಬಿ ಬಚ್ಚಿಟ್ಟು, ಅದರ ಅಕ್ಷಾಂಶ ರೇಖಾಂಶ ಹೇಳಿ ಸುಮ್ಮನಾಗುತ್ತಾರೆ. ಉಳಿದವರು ಜಿಪಿಎಸ್ ಹಿಡಿದು ಹುಡುಕಬೇಕು, ಸಿಕ್ಕರೆ ಒಳಗಿನ ಕಾಗದಕ್ಕೆ ಸಹಿ ಹಾಕಿ, ಇದ್ದ ಹಾಗೇ ಮತ್ತೆ ಬಚ್ಚಿಡಬೇಕು. ಪ್ರಪಂಚದಲ್ಲಿ ಇಂಥ ಡಬ್ಬಿಗಳು 30 ಲಕ್ಷಕ್ಕೂ ಹೆಚ್ಚಿವೆ ಎಂದ. ಒಂದು ಅಂತರಿಕ್ಷ ನಿಲ್ದಾಣದಲ್ಲೂ ಇದೆಯಂತೆ. 2008ರಲ್ಲಿ ದುಡ್ಡು ಕೊಟ್ಟು ಅಲ್ಲಿಗೆ ಹೋಗಿದ್ದ ರಿಚರ್ಡ್ ಗ್ಯಾರಿಯಟ್ ಎಂಬಾತ ದಾಖಲಿಸಿ ಬಂದದ್ದು. ಅದಕ್ಕೆ ಮಂಡಿ ಬಗ್ಗಿಸುವುದೇನೂ ಬೇಕಿಲ್ಲ, ತೇಲಿದರಾಯಿತು.

ಮಗನಿಗೆ ಇದರಲ್ಲೊಂದು ತಮಾಷೆ ಕಂಡಿತ್ತು. ಯಾಕೆಂದರೆ ನಾನು ಜೀವಮಾನವೆಲ್ಲ ಮಾಡಿದ್ದು ಇದೇ ಕೆಲಸ. ಭೂಮಾಪನ ಇಲಾಖೆಯಲ್ಲಿ ಸರ್ವೆಯರ್ ಆಗಿದ್ದವನು ನಾನು. ಹಳೇ ಅಳತೆಯ ಟಿಪ್ಪಣಿ ಹಿಡಿದು, ಮೂವತ್ಮೂರಡಿ ಸರಪಳಿ ಎಳೆಸಿ, ಲಂಟಾನದ ಪೊದೆಯೊಳಗೆ ನುಗ್ಗಿ ಜಮೀನಿನ ಗಡಿಯ ಬಾಂದು ಕಲ್ಲು ಹುಡುಕುವುದೇ ನನ್ನ ಅನ್ನ. ವ್ಯತ್ಯಾಸ ಇಷ್ಟೇ: ಬಾಂದು ಕಲ್ಲು ಸಿಕ್ಕರೆ ಒಬ್ಬನಿಗೆ ಸಂಕಟ, ಸಿಗದಿದ್ದರೆ ಇನ್ನೊಬ್ಬನಿಗೆ. ಇಬ್ಬರಿಗೂ ಸಂತೋಷವಾಗುವ ಜಾಗದಲ್ಲಿ ಕಲ್ಲು ಸಿಕ್ಕಿದ್ದನ್ನು ನಾನಂತೂ ಕಂಡಿಲ್ಲ. ಇಲ್ಲಿ ಡಬ್ಬಿ ಸಿಕ್ಕಿತೆಂದು ಯಾರೂ ಕೋರ್ಟಿಗೆ ಹೋಗುವುದಿಲ್ಲ. ಮೊದಮೊದಲು ಆ ನಿರಾಳವೇ ನನಗೆ ಒಗ್ಗಲಿಲ್ಲ. ಡಬ್ಬಿ ಕೈಗೆ ಬಂದ ಕೂಡಲೇ, ತಕರಾರು ತೆಗೆಯಲು ಯಾರಾದರೂ ಬರುತ್ತಿದ್ದಾರಾ ಎಂದು ಕತ್ತೆತ್ತಿ ನೋಡುತ್ತಿದ್ದೆ.

ಈ ಆಟ ಹುಟ್ಟಿದ್ದೂ ಅಳತೆಯ ಲೆಕ್ಕದಿಂದಲೇ. ಮೊದಲು ಅಮೆರಿಕದ ಮಿಲಿಟರಿಯವರು ಜನಸಾಮಾನ್ಯರಿಗೆ ಬಿಡುವ ಉಪಗ್ರಹ ಸಂಕೇತಕ್ಕೆ ಬೇಕಂತಲೇ ನೀರು ಬೆರೆಸುತ್ತಿದ್ದರು. ನೂರು ಮೀಟರ್‌ವರೆಗೂ ತಪ್ಪು ಬರುತ್ತಿತ್ತು. ಸುತ್ತಲೂ ನೂರು ಮೀಟರ್ ಎಂದರೆ ನನ್ನ ಲೆಕ್ಕದಲ್ಲಿ ಏಳೂಮುಕ್ಕಾಲು ಎಕರೆ. ಏಳೂಮುಕ್ಕಾಲು ಎಕರೆಯಲ್ಲಿ ರೀಲಿನ ಡಬ್ಬಿ ಹುಡುಕು ಎಂದರೆ ಅದು ಆಟವಲ್ಲ, ಶಿಕ್ಷೆ. 2000ದ ಮೇ 1ರಂದು ಕ್ಲಿಂಟನ್ ಸರ್ಕಾರ ಆ ಕಲಬೆರಕೆ ನಿಲ್ಲಿಸಿತು. ಮೇ 3ಕ್ಕೆ ಆಟ ಶುರು! ಡೇವ್ ಅಲ್ಮರ್ ಎಂಬಾತ, ಪೋರ್ಟ್‌ಲ್ಯಾಂಡಿನ ಆಚೆ ಬೀವರ್‌ಕ್ರೀಕ್ ಊರಿನ ಹತ್ತಿರ, ಒಂದು ಕಪ್ಪು ಬಕೆಟ್ಟನ್ನು ಅರ್ಧ ಹೂತಿಟ್ಟು ಅದರ ಅಂಕಿಗಳನ್ನು ಇಂಟರ್‌ನೆಟ್ಟಿನಲ್ಲಿ ಹೇಳಿಬಿಟ್ಟ. ಏನಾದರೂ ತಗೊಳ್ಳಿ, ಏನಾದರೂ ಇಟ್ಟುಹೋಗಿ ಎಂಬುದೊಂದೇ ನಿಯಮ. ಬಕೆಟ್ಟಿನಲ್ಲಿ ಪುಸ್ತಕ, ಸಾಫ್ಟ್‌ವೇರ್, ಸ್ವಲ್ಪ ದುಡ್ಡು, ಒಂದು ಕ್ಯಾಟರ್‌ಬಿಲ್ಲು, ಒಂದು ಡಬ್ಬ ಬೀನ್ಸ್ ಕಾಳು. ಇಂದಿನ ನಿಯಮದಂತೆ ತಿನ್ನುವ ಪದಾರ್ಥ ಇಡುವಂತಿಲ್ಲ, ಜಾಗದವರ ಅನುಮತಿಯಿಲ್ಲದೆ ನೆಲದಲ್ಲಿ ಹೂಳುವಂತಿಲ್ಲ. ಮೂಲಪುರುಷನೇ ಈಗ ಅರ್ಜಿ ಹಾಕಿದರೆ ತಿರಸ್ಕೃತವಾಗುತ್ತಿತ್ತು. ಕಂದಾಯ ಇಲಾಖೆಯನ್ನು ಬಲ್ಲವರಿಗೆ ಇದರಲ್ಲಿ ಆಶ್ಚರ್ಯವೇನಿಲ್ಲ.

ಒಂದು ಭಾನುವಾರ ಮಗ ಅಲ್ಲಿಗೂ ಕರೆದುಕೊಂಡು ಹೋದ. ರಸ್ತೆ ಬದಿ, ಮರಗಳು, ನೆಲದಲ್ಲೊಂದು ಫಲಕ. ನೋಡಲು ಏನೂ ಇಲ್ಲ. ಏನೂ ಇಲ್ಲದ ಕಡೆ ನಾಲ್ಕು ಜನ ಕಾರು ನಿಲ್ಲಿಸಿಕೊಂಡು ಭಕ್ತಿಯಿಂದ ನಿಂತಿದ್ದರು. ಹೆಂಡತಿ ಚಪ್ಪಲಿ ಬಿಡಬೇಕೇನೋ ಎಂದು ಒಂದು ಕ್ಷಣ ಅನುಮಾನಿಸಿದಳು.

ಮೂರು ತಿಂಗಳಲ್ಲಿ ಸುಮಾರು ಪಳಗಿದೆ. ಆಗ ತಿಳಿದದ್ದೇನೆಂದರೆ, ಇಪ್ಪತ್ತು ಸಾವಿರ ಕಿಲೋಮೀಟರ್ ಎತ್ತರದ ಉಪಗ್ರಹಗಳು ನಮ್ಮನ್ನು ಬಂದು ಬಿಡುವುದು ಡಬ್ಬಿಯ ಹತ್ತಿರಕ್ಕೇ ಹೊರತು ಡಬ್ಬಿಗಲ್ಲ. ಆಕಾಶ ತೆರೆದಿದ್ದರೆ ಫೋನು "ನಾಲ್ಕು ಮೀಟರ್ ಹೆಚ್ಚುಕಮ್ಮಿ" ಎನ್ನುತ್ತದೆ. ನಾಲ್ಕು ಮೀಟರಿಗೆ ಹದಿಮೂರಡಿ. ಆ ಸುತ್ತಿನೊಳಗಿನ ನೆಲ ಸರಿಸುಮಾರು ಅರ್ಧ ಗುಂಟೆ. ಬೇಕಾದರೆ ಗುಣಿಸಿ ನೋಡಿ. ಆ ಅರ್ಧ ಗುಂಟೆಗೆ ಕಾಲಿಟ್ಟ ಮೇಲೆ ಬಾಣದ ಗುರುತು ಅತ್ತ ತಿರುಗುತ್ತದೆ, ಇತ್ತ ತಿರುಗುತ್ತದೆ, ನಾಯಿ ಮಲಗುವ ಮುಂಚೆ ಸುತ್ತುವಂತೆ ನಮ್ಮನ್ನು ಸುತ್ತಿಸುತ್ತದೆ. ಆಮೇಲೆ ಫೋನು ಜೇಬಿಗೆ ಹಾಕಿ, ಕೈಯಿಂದ ತಡವಬೇಕು. ನಾನೇ ಬಚ್ಚಿಟ್ಟಿದ್ದರೆ ಎಲ್ಲಿಡುತ್ತಿದ್ದೆ ಎಂದು ಯೋಚಿಸಬೇಕು. ಒಂದು ಸಲ ಉದ್ಯಾನದ ಬೇಲಿಯಲ್ಲಿ ನಲವತ್ತು ನಿಮಿಷ ತಡಕಾಡಿ, ಕೊನೆಗೆ ನೋಡಿದರೆ ಬೇಲಿಯ ಒಂದು ಬೋಲ್ಟೇ ಸುಳ್ಳು ಬೋಲ್ಟು. ಅಯಸ್ಕಾಂತದಿಂದ ಅಂಟಿದ್ದು, ಗಾತ್ರ ಕಡಲೆಕಾಳಿಗಿಂತ ಒಂದಿಷ್ಟು ದೊಡ್ಡದು, ಒಳಗೆ ಉಗುರಗಲದ ಕಾಗದದ ಸುರುಳಿ. ಹೊರಗೆ ತೆಗೆಯಲು ಹುಬ್ಬಿನ ಚಿಮಟ ಬೇಕಾಯಿತು. ಮೂವತ್ತು ವರ್ಷದಲ್ಲಿ ಎಷ್ಟೋ ಕಳ್ಳ ಬಾಂದುಗಳನ್ನು ಕಂಡವನು ನಾನು, ಆದರೆ ಇಷ್ಟು ಪ್ರಾಮಾಣಿಕವಾದ ಕಳ್ಳತನ ಕಂಡಿರಲಿಲ್ಲ.

ಇನ್ನೊಂದು ಕಟ್ಟಳೆಯೆಂದರೆ ಯಾರ ಕಣ್ಣಿಗೂ ಬೀಳದೆ ಹುಡುಕಬೇಕು. ಆಟ ತಿಳಿಯದ ದಾರಿಹೋಕರಿಗೆ ಇವರು "ಮಗಲ್" ಎನ್ನುತ್ತಾರೆ, ಹ್ಯಾರಿ ಪಾಟರ್ ಕಥೆಗಳಿಂದ ಎತ್ತಿಕೊಂಡ ಮಾತು. ಹೆಂಡತಿಯ ಕಿವಿಗೆ ಅದು ಮೊಘಲ್ ಎಂದು ಬಿದ್ದು, ಪಾಪ, ಅವರೇನು ಮಾಡಿದರು ಎಂದು ಕೇಳಿದಳು. ಅಮೆರಿಕದಲ್ಲಿ ಈ ಕಟ್ಟಳೆ ಪಾಲಿಸುವುದು ಬಲು ಸುಲಭ. ಪೊದೆಯೊಳಗೆ ತಲೆ ಹಾಕಿ ನಿಂತ ಮನುಷ್ಯನನ್ನು ಕಂಡರೆ ಅಲ್ಲಿಯವರು ಗುಡ್ ಮಾರ್ನಿಂಗ್ ಹೇಳಿ ಮುಂದೆ ಹೋಗುತ್ತಾರೆ.

ಬೆಂಗಳೂರಿಗೆ ವಾಪಸು ಬಂದ ಮೇಲೆ ನಿಜವಾದ ಪರೀಕ್ಷೆ. ಇಲ್ಲಿಯೂ ಅಲ್ಲಲ್ಲಿ ಡಬ್ಬಿಗಳಿವೆ, ಅಮೆರಿಕದಂತೆ ಬೀದಿಗೊಂದಿಲ್ಲ, ಅಷ್ಟೇ. ಮೊದಲ ದಿನವೇ ಎಡವಟ್ಟು. ಈ ಆಟದವರು ಡಿಗ್ರಿಯಾದ ಮೇಲೆ ಮಿನಿಟು (ಡಿಗ್ರಿಯ ಅರವತ್ತರಲ್ಲಿ ಒಂದು ಪಾಲು) ಬರೆದು, ಮಿನಿಟಿಗೆ ದಶಾಂಶ ಹಾಕುತ್ತಾರೆ. ನಾನು ಆತುರದಲ್ಲಿ ಮಿನಿಟನ್ನೇ ಡಿಗ್ರಿಯ ದಶಾಂಶವೆಂದು ಫೋನಿಗೆ ಒತ್ತಿದೆ. ಅರ್ಧ ಗಂಟೆ ನಡೆದು ಬರಬಹುದೆಂದು ಬೂಟು ಕಟ್ಟಿ ನಿಂತರೆ ಫೋನು ಐವತ್ತು ಕಿಲೋಮೀಟರ್ ಚಿಲ್ಲರೆ ಎಂದಿತು. ಒಂದು ಉದಾಹರಣೆ ಹೇಳುತ್ತೇನೆ: ವಿಧಾನಸೌಧದ ಅಂಕಿಗಳನ್ನು ಹೀಗೆ ತಪ್ಪು ಓದಿಕೊಂಡರೆ ಅದು ಕನಕಪುರದ ಪಕ್ಕಕ್ಕೆ ಹೋಗಿ ಕೂರುತ್ತದೆ. ಇದು ಬರೀ ಗಣಿತ, ದಯವಿಟ್ಟು ರಾಜಕೀಯ ಹುಡುಕಬೇಡಿ. ಸರ್ವೆಯರ್ ಆಗಿದ್ದವನು ಇಂಥ ತಪ್ಪು ಮಾಡಿದೆನೆಂದು ಹೆಂಡತಿಗೆ ಹೇಳಲಿಲ್ಲ. ಇದನ್ನು ಓದಿ ತಿಳಿಯಲಿ.

ಅಂಕಿ ಸರಿಮಾಡಿಕೊಂಡು ಹೋದದ್ದು ಒಂದು ಪಾರ್ಕಿಗೆ. ಅರ್ಧ ಗುಂಟೆಯೊಳಗೆ ಒಂದು ಕಲ್ಲು ಬೆಂಚು, ಒಂದು ಹೊಂಗೆ ಮರ, ಒಂದು ಗ್ರಿಲ್ಲು. ಬೆಂಚಿನಡಿ ಬಗ್ಗಿದ್ದೇ ತಡ, "ಏನ್ ಸಾರ್, ಬೀಳಿಸ್ಕೊಂಡ್ರಾ?" ವಾಕಿಂಗಿನವರು. ಏನಿಲ್ಲ ಎಂದೆ. ಏನಿಲ್ಲ ಎಂದರೆ ನಮ್ಮವರು ನಂಬುತ್ತಾರೆಯೇ? ಅವರೂ ಬಗ್ಗಿದರು. ಇನ್ನಿಬ್ಬರು ನಿಂತರು. ಉಂಗುರವೇ, ಹಲ್ಲಿನ ಸೆಟ್ಟೇ ಎಂಬ ಚರ್ಚೆ ನನ್ನನ್ನು ಬಿಟ್ಟು ಅವರೊಳಗೇ ನಡೆಯಿತು. ಮಾಲಿ ಪೊರಕೆ ತಂದ. ಒಬ್ಬರು ಟಾರ್ಚು ಹಾಕಿದರು. ಕೊನೆಗೆ ಸತ್ಯ ಹೇಳಿದೆ: ಹೀಗೊಂದು ಡಬ್ಬಿ, ಯಾರೋ ಬಚ್ಚಿಟ್ಟಿದ್ದಾರೆ, ಹುಡುಕುವುದೇ ಆಟ. ಎಲ್ಲರೂ ಒಂದು ಕ್ಷಣ ಸುಮ್ಮನಾಗಿ, ಇನ್ನೂ ಉತ್ಸಾಹದಿಂದ ಹುಡುಕತೊಡಗಿದರು. ಸಿಕ್ಕಿದ್ದು ಮಾಲಿಗೆ, ಗ್ರಿಲ್ಲಿನ ಹಿಂದೆ. "ಇದಾ? ಇದು ಭಾಳ ದಿನದಿಂದ ಇಲ್ಲೇ ಐತೆ ಸಾರ್. ಎಸೀಬಾರದು ಅಂತ ನಾನೇ ಒರಸಿ ಒರಸಿ ಇಡ್ತಿದ್ದೆ" ಎಂದ. ಕಾಗದಕ್ಕೆ ಅವನದೂ ಸಹಿ ಹಾಕಿಸಿದೆ.

ಅದು ನಮ್ಮ ಅದೃಷ್ಟದ ದಿನ. ವಾರಸುದಾರರಿಲ್ಲದ ಡಬ್ಬಿ ಎಂದರೆ ಈ ಕಾಲದಲ್ಲಿ ಹೆದರಿಕೆಯೂ ಸಹಜ. ಇಂಗ್ಲೆಂಡಿನ ವೆದರ್ಬಿಯಲ್ಲಿ 2011ರಲ್ಲಿ ಇಂಥ ಒಂದು ಪ್ಲಾಸ್ಟಿಕ್ ಡಬ್ಬಿಯನ್ನು ಬಾಂಬು ನಿಷ್ಕ್ರಿಯ ದಳದವರು ಬಂದು ಉಡಾಯಿಸಿದರು. ಹಾಗಾಗಿ ರೈಲ್ವೆ ಸ್ಟೇಷನ್ನು, ಮೆಟ್ರೋ ಕಡೆ ನಾನು ತಲೆ ಹಾಕುವುದಿಲ್ಲ.

ಡಬ್ಬಿಯೇ ಇಲ್ಲದ ಒಂದು ಆಟವೂ ಇದೆ, ನನ್ನ ಸ್ವಭಾವಕ್ಕೆ ಅದೇ ಹೆಚ್ಚು ಹೊಂದಿತು. 1996ರಲ್ಲಿ ಅಲೆಕ್ಸ್ ಜ್ಯಾರೆಟ್ ಎಂಬ ಅಮೆರಿಕದವನು ಆರಂಭಿಸಿದ್ದು. ಅಕ್ಷಾಂಶ ರೇಖಾಂಶಗಳ ಪೂರ್ಣ ಅಂಕಿಗಳು ಕೂಡುವ ಬಿಂದುವಿಗೆ ಹೋಗಿ, ನಾಲ್ಕು ದಿಕ್ಕಿನ ಫೋಟೋ ತೆಗೆದು ಬರುವುದು. ಹದಿಮೂರನೇ ಡಿಗ್ರಿ ಅಕ್ಷಾಂಶದ ಗೆರೆಯನ್ನು ನಕಾಶೆಯಲ್ಲಿ ಎಳೆದು ನೋಡಿದೆ. ನಮ್ಮ ಮಲ್ಲೇಶ್ವರದ ಮನೆಗಳ ಮೇಲೆಯೇ ಹಾಯುತ್ತದೆ. ರೇಖಾಂಶ ಎಪ್ಪತ್ತೈದರ ಜೊತೆ ಕೂಡುವುದು ಮೂಡಬಿದಿರೆಯಿಂದ ಸ್ವಲ್ಪ ತೆಂಕಣಕ್ಕೆ, ಎಪ್ಪತ್ತಾರರ ಜೊತೆ ಹಾಸನದ ಪಡುವಲಿಗೆ, ಎಪ್ಪತ್ತೇಳು ಕುಣಿಗಲ್ ಪಕ್ಕ, ಎಪ್ಪತ್ತೆಂಟು ಮಾಲೂರಿನ ಮೂಡಲಿಗೆ. ನೂರೆಂಟು ಕಿಲೋಮೀಟರಿಗೊಂದರಂತೆ ಜಪಸರದ ಮಣಿ ಪೋಣಿಸಿದ ಹಾಗೆ! ಇಷ್ಟು ವರ್ಷ ಇದೇ ನೆಲದಲ್ಲಿ ಸರಪಳಿ ಎಳೆದರೂ ನನಗೆ ಹೊಳೆದಿರಲಿಲ್ಲ. ನಮ್ಮ ಕಸುಬಿನ ಹಿರಿಯ ವಿಲಿಯಂ ಲ್ಯಾಂಬ್ಟನ್ 1800ರಲ್ಲಿ ಬೆಂಗಳೂರಿನ ಹೊರಗೆ ಏಳು ಮೈಲಿಗೂ ಮೀರಿದ ಒಂದು ಗೆರೆಯನ್ನು ನೂರಡಿಯ ಉಕ್ಕಿನ ಸರಪಳಿ ಹಿಡಿದು ಅಳೆದಿದ್ದ. ಆ ಸರಪಳಿ ಮೊದಲು ಚೀನಾದ ಚಕ್ರವರ್ತಿಗೆಂದು ಉಡುಗೊರೆಯಾಗಿ ಹೋಗಿ, ಅಲ್ಲಿ ಬೇಡವಾಗಿ, ಇಂಡಿಯಾಕ್ಕೆ ಬಂದದ್ದು. ಚಕ್ರವರ್ತಿಗೆ ಬೇಡವಾದದ್ದು ಸರ್ವೆಯವರಿಗೆ ಬಂತು. ನಮ್ಮ ಇಲಾಖೆಯ ಹಣೆಬರಹ ಅಂದೇ ಬರೆದಾಗಿತ್ತು.

ಮೊದಲು ಕುಣಿಗಲ್ಲಿಗೆ ಹೋದೆ. ಹೆದ್ದಾರಿ ಬಿಟ್ಟು, ಕಾಲುದಾರಿ ಹಿಡಿದು, ಕೊನೆಯ ಅರ್ಧ ಮೈಲಿ ರಾಗಿ ಕೊಯ್ದ ಹೊಲದ ಕೂಳೆಯ ಮೇಲೆ. ಅಂಕಿಗಳು ಒಂದೊಂದಾಗಿ ಸೊನ್ನೆಯಾಗುತ್ತಾ ಬರುವುದನ್ನು ನೋಡಬೇಕು. ಹಳೇ ಸ್ಕೂಟರಿನ ಮೀಟರು ಒಂಬತ್ತುಗಳೆಲ್ಲ ಉರುಳಿ ಸಾಲಾಗಿ ಸೊನ್ನೆಯಾಗುವಾಗ ಬ್ರೇಕು ಹಾಕಿ ನಿಂತು ನೋಡುತ್ತಿದ್ದೆವಲ್ಲ, ಅದೇ ಸುಖ. ಎರಡು ಹೆಜ್ಜೆ ಹಿಂದೆ, ಒಂದು ಹೆಜ್ಜೆ ಎಡಕ್ಕೆ. ಅಷ್ಟರಲ್ಲಿ ಹಿಂದಿನಿಂದ ಕೆಮ್ಮು.

"ರೋಡ್ ಇತ್ಲಾಗೇ ಬರ್ತದಾ ಸಾರ್?"

ಹೊಲದವನು. ರೋಡಲ್ಲಪ್ಪ ಎಂದೆ. "ಮತ್ತೆ ಫ್ಯಾಕ್ಟ್ರಿಯಾ? ಎಕರೆಗೆ ಎಷ್ಟು ಕೊಡ್ತಾರೆ?" ಹೊಲದ ನಡುವೆ ಕೈಯಲ್ಲೊಂದು ಯಂತ್ರ ಹಿಡಿದು ನಿಂತವನಿಗೆ ಈ ದೇಶದಲ್ಲಿ ಬೇರೆ ಉದ್ದೇಶ ಇರಲು ಸಾಧ್ಯವೇ ಇಲ್ಲ. ಭೂಗೋಳ, ಗೆರೆ, ಹದಿಮೂರು, ಎಪ್ಪತ್ತೇಳು, ಎಲ್ಲ ವಿವರಿಸಿದೆ. ಸಮಾಧಾನವಾಗಿ ಕೇಳಿದ. ಕೊನೆಗೆ ಒಂದೇ ಪ್ರಶ್ನೆ: "ಆ ಗೆರೆ ಕೂಡೋದು ನನ್ನ ಹೊಲದಾಗಾ, ನಮ್ ತಮ್ಮನ ಹೊಲದಾಗಾ?"

ಆಗಲೇ ನೋಡಿದ್ದು, ನನ್ನ ಕಾಲ ಪಕ್ಕದಲ್ಲೇ ಬದು. ಬದುವಿನ ಮೇಲೊಂದು ತೆಂಗಿನಮರ. ಪೋಡಿಯಾಗದ, ಎಂದರೆ ಅಳೆದು ಪಾಲು ಬೇರೆ ಮಾಡದ ಜಮೀನಂತೆ. ಯಾವ ಸರ್ವೆಯರ್ ಮೂಗಿಗಾದರೂ ಆ ವಾಸನೆ ತಿಳಿಯುತ್ತದೆ. ಫೋನು ನಾಲ್ಕು ಮೀಟರ್ ಹೆಚ್ಚುಕಮ್ಮಿ ಎನ್ನುತ್ತಿತ್ತು. ಹದಿಮೂರಡಿ ಅತ್ತ ಇತ್ತ ಆಗಬಹುದಪ್ಪ, ಖಚಿತ ಹೇಳಲಾಗದು ಎಂದೆ.

"ಹದಿಮೂರಡೀ?" ಎಂದು ಅವನು ತೆಂಗಿನಮರವನ್ನು ಬುಡದಿಂದ ಸುಳಿಯವರೆಗೆ ನೋಡಿದ. "ವರ್ಷಕ್ಕೆ ನೂರು ಕಾಯಿ ಬಿಡ್ತದೆ ಸಾರ್ ಅದು."

ನಾನು ನಾಲ್ಕು ದಿಕ್ಕಿನ ಫೋಟೋ ತೆಗೆದುಕೊಂಡೆ. ಅವನು ಎಳನೀರು ಕೆಡವಿ ಕೊಟ್ಟ, ಅದೇ ಮರದ್ದು. ಕುಡಿಯಬೇಕೋ ಬೇಡವೋ ಎಂದು ಹಳೇ ಸರ್ಕಾರಿ ನೌಕರನ ಅಳುಕು ಬಂತಾದರೂ ಬಿಸಿಲು ಜೋರಾಗಿತ್ತು. ಹೊರಟು, ಕಾಲುದಾರಿಯ ತಿರುವಿನಲ್ಲಿ ಹಿಂದಿರುಗಿ ನೋಡಿದರೆ, ಅವನು ಎಲ್ಲಿಂದಲೋ ಒಂದು ಚಪ್ಪಡಿ ಕಲ್ಲು ಹೊತ್ತು ತಂದು ನೆಡುತ್ತಿದ್ದ. ನಾನು ನಿಂತಿದ್ದ ಜಾಗದಲ್ಲಲ್ಲ. ಬದು ದಾಟಿ, ತೆಂಗಿನಮರವೂ ಈಚೆಗೆ ಬರುವ ಹಾಗೆ, ತಮ್ಮನ ಕಡೆಗೆ ಒಂದು ಹದಿಮೂರಡಿ.