ಲಿವರ್ ಡ್ರ್ಯಾಗ್ ರೀಲ್ ತೊಳೆಯೋ ಬಗ್ಗೆ ಒಂದು ಸ್ಪಷ್ಟನೆ

ಸಮುದ್ರದಲ್ಲಿ ಮೀನು ಹಿಡಿದು ಬಂದ ಮೇಲೆ ಗಾಳದ ದಾರ ಸುತ್ತೋ ರೀಲಿನ ಲಿವರ್ 'ಫ್ರೀ'ಗೆ, ಅಂದರೆ ದಾರಕ್ಕೆ ಹಿಡಿತವೇ ಇಲ್ಲದ ಕಡೆಗೆ ಇಟ್ಟು ರಾತ್ರಿಯಿಡೀ ಬಕೆಟ್ ನೀರಲ್ಲಿ ಮುಳುಗಿಸಿ ಅನ್ನೋ ಮೆಸೇಜ್ ಓಡಾಡ್ತಿದೆ. ಅದರ ಅರ್ಧ ಭಾಗ ನಾನೇ ಹಿಂದೆ ಬರೆದದ್ದು. ತಪ್ಪು.

ತೊಳೆಯುವಾಗ ಲಿವರ್ ಮುಂದಕ್ಕೆ, ಅಂದರೆ ಹಿಡಿತ ಬಿಗಿಯಾಗೋ 'ಸ್ಟ್ರೈಕ್' ಕಡೆಗೆ ಇರಬೇಕು. ಆಗ ಡ್ರ್ಯಾಗ್ ತಟ್ಟೆಗಳು (ದಾರಕ್ಕೆ ಬ್ರೇಕ್ ಹಾಕೋ ತಟ್ಟೆಗಳು) ಒತ್ತಿ ಕೂತಿರುತ್ತವೆ, ಮಧ್ಯಕ್ಕೆ ನೀರು ನುಗ್ಗುವುದು ಕಡಿಮೆ. ಸಿಹಿನೀರನ್ನು ಮೆಲ್ಲಗೆ ಚಿಮುಕಿಸಿದರೆ ಸಾಕು, ಮುಳುಗಿಸಿದರೆ ಅಥವಾ ಪೈಪಿನಿಂದ ಜೋರಾಗಿ ಹೊಡೆದರೆ ಉಪ್ಪು ಬೇರಿಂಗ್‌ವರೆಗೂ ಹೋಗುತ್ತೆ. 'ಫ್ರೀ' ಬೇಕಾಗೋದು ಆಮೇಲೆ, ಒರೆಸಿ ಒಣಗಿಸಿ ಎತ್ತಿಡುವಾಗ. ಇಲ್ಲದಿದ್ದರೆ ಡ್ರ್ಯಾಗ್ ವಾಷರ್ ತಿಂಗಳುಗಟ್ಟಲೆ ಒತ್ತಡದಲ್ಲೇ ಇದ್ದು ಚಪ್ಪಟೆಯಾಗಿಬಿಡುತ್ತೆ, ಮೀನು ಎಳೆದಾಗ ದಾರ ಜರ್ಕ್ ಹೊಡೆಯುತ್ತೆ.

ಅದೇ ಮೆಸೇಜಲ್ಲಿ, ಹಿಡಿತ ಎಷ್ಟು ಬಿಗಿ ಇರಬೇಕು ಅಂತ ಹೊಂದಿಸೋ ಪ್ರಿಸೆಟ್ ನಾಬ್ ಯಾವಾಗ ಬೇಕಾದರೂ ತಿರುಗಿಸಬಹುದು ಅಂತಲೂ ಇದೆ. ಇಲ್ಲ, ಲಿವರ್ ಫ್ರೀಯಲ್ಲಿದ್ದಾಗ ಮಾತ್ರ. ಸ್ವಲ್ಪ ತಿರುಗಿಸಿ, ಲಿವರ್ ಸ್ಟ್ರೈಕ್‌ಗೆ ತಂದು ದಾರವನ್ನು ತೂಕದ ಸ್ಪ್ರಿಂಗ್ ಕಾಟಾಕ್ಕೆ ಕಟ್ಟಿ ಎಳೆದು ನೋಡಿ. 15 ಕೆಜಿ ತಡೆಯೋ ದಾರವಾದರೆ, ಕಾಟಾ 4ರಿಂದ 5 ಕೆಜಿ ತೋರಿಸುವಾಗ ದಾರ ಬಿಚ್ಚಿಕೊಳ್ಳೋಕೆ ಶುರುವಾದರೆ ಸರಿ. ಕೈ ಅಂದಾಜು ಸುಮ್ನೆ ಮೋಸ ಮಾಡುತ್ತೆ, ನನಗೂ ಮಾಡಿದೆ.

ಡ್ರ್ಯಾಗ್ ತಟ್ಟೆಗೆ ಎಣ್ಣೆಯಂತೂ ಬೇಡವೇ ಬೇಡ. ಗ್ರೀಸ್ ಬೇಕೋ ಬೇಡವೋ ಅನ್ನೋದು ರೀಲಿನ ಜೊತೆ ಬಂದ ಪುಸ್ತಕದಲ್ಲಿರುತ್ತೆ.

ಹಳೇ ಮೆಸೇಜ್ ದಯವಿಟ್ಟು ಇನ್ನು ಮುಂದೆ ಕಳಿಸಬೇಡಿ.