ಡಬ್ಬದ ಮೇಲೆ ಟೈಟಾನಿಕ್, ಒಳಗೆ ಒಲಿಂಪಿಕ್

ಬಿಡಿಭಾಗಗಳನ್ನು ಜೋಡಿಸಿ ಪುಟ್ಟ ಹಡಗು ಕಟ್ಟುವ ಮಾದರಿ ಕಿಟ್‌ಗಳನ್ನು ಮಾರುವವರಿಗೆ ಟೈಟಾನಿಕ್ ಎಂದರೆ ನಾಲ್ಕು ಚಿಮಣಿ ಮತ್ತು ಕಪ್ಪು ಒಡಲು, ಅಷ್ಟೇ. ಅಷ್ಟಿದ್ದರೆ ಸಾಕು, ಒಳಗೆ ಏನನ್ನು ತುಂಬಿಯಾದರೂ ಆ ಹೆಸರಿನಲ್ಲಿ ಮಾರಬಹುದು ಎಂಬ ಧೈರ್ಯ ಇವರಿಗೆ ಎಲ್ಲಿಂದ ಬರುತ್ತದೆ? ತಿಂಗಳುಗಟ್ಟಲೆ ಹಣ ಕೂಡಿಟ್ಟು, ಯಾವ ಕಿಟ್ ಕೊಳ್ಳಬೇಕೆಂದು ಹಳೆಯ ಛಾಯಾಚಿತ್ರಗಳನ್ನು ಹೋಲಿಸಿ ನೋಡಿ, ಕೊನೆಗೆ ತರಿಸಿಕೊಂಡ ಡಬ್ಬದ ಮುಚ್ಚಳದ ಮೇಲೆ ಟೈಟಾನಿಕ್‌ನ ಸೊಗಸಾದ ವರ್ಣಚಿತ್ರವಿದೆ. ಒಳಗಿರುವ ಬಿಡಿಭಾಗಗಳು ಅದರ ಅಕ್ಕ ಒಲಿಂಪಿಕ್‌ನವು.

ಎರಡೂ ಬೆಲ್‌ಫಾಸ್ಟ್‌ನ ಹಾರ್ಲೆಂಡ್ ಅಂಡ್ ವುಲ್ಫ್ ಕಾರ್ಖಾನೆಯಲ್ಲಿ ಅಕ್ಕಪಕ್ಕದಲ್ಲೇ ರೂಪುಗೊಂಡ ಹಡಗುಗಳು ಎಂಬುದು ನಿಜ. ಒಲಿಂಪಿಕ್ 1910ರ ಅಕ್ಟೋಬರ್‌ನಲ್ಲಿ ನೀರಿಗಿಳಿಯಿತು, ಟೈಟಾನಿಕ್ 1911ರ ಮೇ 31ರಂದು. ಆದರೆ ಅಕ್ಕನ ಓಡಾಟದಲ್ಲಿ ಕಂಡ ಕೊರತೆಗಳನ್ನು ತಂಗಿಯಲ್ಲಿ ತಿದ್ದಿದ್ದರು. ಒಲಿಂಪಿಕ್‌ನ ಎ ಡೆಕ್‌ನ (ಹಡಗಿನ ಮೇಲಿನ ಅಂತಸ್ತುಗಳಲ್ಲೊಂದು) ಅಡ್ಡಾಟದ ಜಾಗ ಉದ್ದಕ್ಕೂ ತೆರೆದಿತ್ತು. ಅಲ್ಲಿ ಸಮುದ್ರದ ತುಂತುರು ಪ್ರಯಾಣಿಕರನ್ನು ಕಾಡಿದ್ದರಿಂದ ಟೈಟಾನಿಕ್‌ನಲ್ಲಿ ಅದರ ಮುಂದಿನ ಅರ್ಧಕ್ಕೆ ಕಿಟಕಿಗಳಿರುವ ಗೋಡೆ ಹಾಕಿದರು. ಅದರ ಕೆಳಗಿನ ಬಿ ಡೆಕ್‌ನಲ್ಲಿ ವ್ಯತ್ಯಾಸ ಇನ್ನೂ ದೊಡ್ಡದು. ಒಲಿಂಪಿಕ್‌ನಲ್ಲಿ ಅಲ್ಲಿಯೂ ಅಡ್ಡಾಟದ ಜಾಗವಿದ್ದುದರಿಂದ ಕಿಟಕಿಗಳು ಸಮಾನ ಅಂತರದಲ್ಲಿದ್ದವು. ಟೈಟಾನಿಕ್‌ನಲ್ಲಿ ಆ ಜಾಗವನ್ನು ತೆಗೆದು ಕೋಣೆಗಳನ್ನು ಹಡಗಿನ ಅಂಚಿನವರೆಗೂ ಚಾಚಿದರು, ಕೆಫೆ ಪರಿಸಿಯೆನ್ ಎಂಬ ಉಪಾಹಾರ ಗೃಹ ಮಾಡಿದರು, ಇಬ್ಬದಿಯ ಐಷಾರಾಮಿ ಕೋಣೆಗಳಿಗೆ ಖಾಸಗಿ ಅಂಗಳ ಕೊಟ್ಟರು. ಹೀಗಾಗಿ ಕಿಟಕಿಗಳು ಒಂದು ಕಡೆ ಒತ್ತಾಗಿ, ಒಂದು ಕಡೆ ದೂರದೂರವಾಗಿ ಕುಳಿತವು. ಈ ಹಡಗನ್ನು ಪ್ರೀತಿಸುವ ಯಾರೇ ಆಗಲಿ ಚಿತ್ರ ನೋಡಿದೊಡನೆ ಮೊದಲು ಕಣ್ಣು ಹಾಯಿಸುವುದು ಈ ಎರಡು ಸಾಲುಗಳ ಮೇಲೆ.

ನನಗೆ ಬಂದ ಕಿಟ್‌ನಲ್ಲಿ ಎ ಡೆಕ್ ಈ ತುದಿಯಿಂದ ಆ ತುದಿಯವರೆಗೆ ತೆರೆದಿದೆ, ಬಿ ಡೆಕ್‌ನ ಕಿಟಕಿಗಳು ಅಳೆದು ಇಟ್ಟಂತೆ ಸಮಾನವಾಗಿವೆ. ಮಾದರಿಯ ಮೇಲೆ ಅಂಟಿಸುವ ಹೆಸರು-ಗುರುತುಗಳ ಡೆಕಾಲ್ ಹಾಳೆಯಲ್ಲಿ ಎರಡೂ ಹಡಗುಗಳ ಹೆಸರುಗಳಿವೆ. ಒಂದೇ ಅಚ್ಚಿನಿಂದ ತೆಗೆದ ಪ್ಲಾಸ್ಟಿಕ್ಕನ್ನು ಎರಡು ಹೆಸರಿನಲ್ಲಿ ಮಾರುತ್ತಿದ್ದಾರೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಕೊಳ್ಳುವ ಮೊದಲೇ ನಾನು ಅಂಗಡಿಯವರಿಗೆ ಎ ಡೆಕ್ ಮುಂಭಾಗದಲ್ಲಿ ಮುಚ್ಚಿದೆಯೇ ಎಂದು ಸ್ಪಷ್ಟವಾಗಿ ಬರೆದು ಕೇಳಿದ್ದೆ. "ಎಲ್ಲಾ ಸರಿಯಾಗಿದೆ ಸಾರ್, ಒರಿಜಿನಲ್ ಟೈಟಾನಿಕ್ಕೇ" ಎಂಬ ಉತ್ತರ ಬಂದಿತ್ತು. ತಪ್ಪನ್ನು ತೋರಿಸಿ ಹಿಂದಿರುಗಿಸುತ್ತೇನೆ ಎಂದಾಗ, ಒಳಗಿನ ಪ್ಲಾಸ್ಟಿಕ್ ಚೀಲಗಳನ್ನು ಬಿಚ್ಚಿರುವುದರಿಂದ ವಾಪಸು ತೆಗೆದುಕೊಳ್ಳಲಾಗದು ಎಂದರು. ಚೀಲ ಬಿಚ್ಚದೆ ಯಾವ ಹಡಗು ಎಂದು ತಿಳಿಯುವುದಿಲ್ಲ, ತಿಳಿಯಲು ಬಿಚ್ಚಿದರೆ ವಾಪಸಿಲ್ಲ. ಇಂಥ ನಿಯಮ ಬರೆದವರು ಗ್ರಾಹಕನನ್ನು ಕಟ್ಟಿಹಾಕುವ ಉದ್ದೇಶದಿಂದಲೇ ಬರೆದಿದ್ದಾರೆ ಎಂದು ನಾನು ನಂಬುತ್ತೇನೆ. ಫೋನಿನಲ್ಲಿ ಮಾತನಾಡಿದ ವ್ಯಕ್ತಿ "ನಾಲ್ಕು ಚಿಮಣಿ ಇದೆಯಲ್ಲ ಸಾರ್, ಇನ್ನೇನು ಬೇಕು" ಎಂದು ಕೇಳಿದಾಗ ನನಗೆ ಮೈಯೆಲ್ಲ ಉರಿದುಹೋಯಿತು.

ಕಿಟಕಿಗಳನ್ನು ತುಂಬಿ, ಉಜ್ಜಿ, ಹೊಸದಾಗಿ ಕೊರೆದುಕೊಳ್ಳಿ ಎಂದು ಸಲಹೆ ಕೊಟ್ಟವರೂ ಇದ್ದಾರೆ. ಬಿ ಡೆಕ್‌ನ ಎಡಬದಿಯ ಜೋಡಣೆ ಬಲಬದಿಯಂತಿಲ್ಲ. ಎರಡನ್ನೂ ಬೇರೆ ಬೇರೆ ನಕ್ಷೆ ನೋಡಿ ಮಾಡಬೇಕು. ಪೂರ್ತಿ ಬೆಲೆ ಕೊಟ್ಟ ಮೇಲೆ ತಯಾರಕರು ಮಾಡಬೇಕಾದ ಕೆಲಸವನ್ನು ನಾನೇಕೆ ಮಾಡಬೇಕು?

ಅಳತೆಯ ವಿಷಯದಲ್ಲಿಯೂ ಇದೇ ಉದಾಸೀನ. ನಿಜವಾದ ಹಡಗಿನ ಉದ್ದ ಸುಮಾರು 269 ಮೀಟರ್. 1:350 ಅಳತೆಯಲ್ಲಿ, ಅಂದರೆ 350ರಲ್ಲಿ ಒಂದು ಪಾಲಿಗೆ ಕುಗ್ಗಿಸಿದರೆ, ಅದು 77 ಸೆಂಟಿಮೀಟರ್ ಆಗುತ್ತದೆ, 1:400ರಲ್ಲಿ 67, 1:700ರಲ್ಲಿ 38, 1:1200ರಲ್ಲಿ ಬರೀ 22. ಮಾರುವವರು ಮಾತ್ರ "ದೊಡ್ಡ ಗಾತ್ರ" ಎಂದು ಬರೆದು ಕೈತೊಳೆದುಕೊಳ್ಳುತ್ತಾರೆ. ಕಟಕಟೆ, ಏಣಿ ಮೊದಲಾದ ಸೂಕ್ಷ್ಮ ಹಿತ್ತಾಳೆ ಭಾಗಗಳನ್ನು ಪ್ರತ್ಯೇಕವಾಗಿ ಕೊಳ್ಳುವವರಿಗೆ ಈ ಸಂಖ್ಯೆಯೇ ಎಲ್ಲಕ್ಕಿಂತ ಮುಖ್ಯ, ಏಕೆಂದರೆ 1:350ಕ್ಕೆ ಮಾಡಿದ ಕಟಕಟೆ 1:400ರ ಡೆಕ್ಕಿಗೆ ಹೊಂದುವುದಿಲ್ಲ.

ಇದನ್ನು ಆಟಿಕೆಯ ತಕರಾರು ಎಂದು ತಳ್ಳಿಹಾಕುವವರಿಗೆ ಒಂದು ಮಾತು ಹೇಳಬೇಕು. ಈ ಹಡಗಿನ ವಿನ್ಯಾಸದ ಹೊಣೆ ಹೊತ್ತಿದ್ದ ಥಾಮಸ್ ಆಂಡ್ರೂಸ್, ಮೊದಲ ಯಾನದಲ್ಲಿ ಕಾಣುವ ಕುಂದುಕೊರತೆಗಳನ್ನು ಗುರುತಿಸಲು ಕಾರ್ಖಾನೆಯ ಇನ್ನೂ ಎಂಟು ಮಂದಿಯೊಂದಿಗೆ ಅದರಲ್ಲೇ ಹೊರಟಿದ್ದರು. 1912ರ ಏಪ್ರಿಲ್ 15ರ ಬೆಳಗಿನ ಜಾವ ಹಡಗು ಮುಳುಗಿದಾಗ 1,500ಕ್ಕೂ ಹೆಚ್ಚು ಜನ ಸತ್ತರು. ಆ ಒಂಬತ್ತು ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ. ಅವರು ಹೊರಟದ್ದು ಇಂಥ ಸಣ್ಣ ಸಣ್ಣ ವಿವರಗಳನ್ನು ಸರಿಪಡಿಸುವುದಕ್ಕಾಗಿಯೇ. ಅವರ ಹಡಗಿನ ಹೆಸರಿನಲ್ಲಿ ಹಣ ಮಾಡುವವರು ಅದರ ಕಿಟಕಿಗಳನ್ನಾದರೂ ಸರಿಯಾದ ಜಾಗದಲ್ಲಿ ಇಡಬೇಕು. ಒಲಿಂಪಿಕ್‌ಗೂ ಇದು ಅನ್ಯಾಯವೇ. 1911ರಿಂದ 1935ರವರೆಗೆ, ಮೊದಲ ಮಹಾಯುದ್ಧದಲ್ಲಿ ಸೈನಿಕರನ್ನು ಹೊತ್ತ ಕಾಲವೂ ಸೇರಿ, ದುಡಿದ ಆ ಹಡಗಿಗೆ ತನ್ನ ಹೆಸರಿನಲ್ಲಿ ಮಾರಾಟವಾಗುವ ಅರ್ಹತೆ ಇಲ್ಲವೇ?

ಗ್ರಾಹಕರ ಆಯೋಗಕ್ಕೆ ದೂರು ಬರೆಯುತ್ತಿದ್ದೇನೆ; ಅಂಗಡಿಯವರು ಬರೆದುಕೊಟ್ಟ ಆ ಉತ್ತರವನ್ನು ಜೊತೆಗೆ ಲಗತ್ತಿಸುತ್ತೇನೆ. ಈ ಕಿಟ್ ಆರಿಸುವ ಯೋಚನೆಯಲ್ಲಿರುವವರು ಮುಚ್ಚಳದ ಚಿತ್ರವನ್ನು ನಂಬಬೇಡಿ. ಅಳತೆಯ ಸಂಖ್ಯೆಯನ್ನೂ ಎ ಮತ್ತು ಬಿ ಡೆಕ್‌ಗಳ ಎರಡೂ ಬದಿಯ ಬಿಡಿಭಾಗಗಳ ಫೋಟೋಗಳನ್ನೂ ಬರಹದಲ್ಲಿ ಪಡೆಯಿರಿ. ಕೊಡಲು ಒಪ್ಪದವರಿಗೆ ಒಂದು ರೂಪಾಯಿಯನ್ನೂ ಕಳುಹಿಸಬೇಡಿ.